ಮೂರನೇ ಕೂಗು

ಪುಣೆ, ಹೊರಡುವ ಮುನ್ನ

ಜಿನೀವಾಕ್ಕೆ ಹೋಗಿ ಬಂದವರು ಊರಿಗೆ ಮರಳಿದ ವಾರದಲ್ಲೇ ಸರೋವರ, ಗಡಿಯಾರ, ಹಿಮದ ಗುಡ್ಡ ಎಂದು ಬರೆದು ಮುಗಿಸುತ್ತಾರೆ. ನಾನು ಹನ್ನೆರಡು ವರ್ಷ ತಡಮಾಡಿದ್ದೇನೆ. ಸೋಮಾರಿತನದಿಂದಲ್ಲ. ಹನ್ನೆರಡು ವರ್ಷ ತುಂಬುವವರೆಗೆ ಬರೆಯಬಾರದ ಸಂಗತಿಯೊಂದು ಆ ಪ್ರವಾಸದಲ್ಲಿ ನಡೆಯಿತು. ಈ ವರ್ಷ ಅದು ತುಂಬಿತು.

ನನ್ನ ಹೆಸರು ಹಣಮಂತರಾವ್. ಹುಟ್ಟಿದ್ದು ಧಾರವಾಡದ ಕಡೆ, ಅನ್ನದ ಋಣ ಪುಣೆಯಲ್ಲಿ. ಇಲ್ಲಿಯ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷ ಚಾಕರಿ ಮಾಡಿದೆ. ಮೊದಲ ಹತ್ತು ವರ್ಷ ಪುಕಾರ ಕೂಗುವ ಪಟ್ಟೆವಾಲಾ, ಆಮೇಲೆ ಮ್ಯಾಟ್ರಿಕ್ ಕಟ್ಟಿ ಕಾರಕೂನ. ಪುಕಾರ ಎಂದರೆ ಕೋರ್ಟಿನ ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರನ್ನು ಊರಿನ ಸಮೇತ ಮೂರು ಸಲ ಕೂಗುವುದು. ಮೂರನೇ ಕೂಗಿಗೂ ಯಾರೂ "ಹಾಜರ್" ಎನ್ನದಿದ್ದರೆ ದಾವೆ ಖಾರೀಜು, ಎಂದರೆ ವಜಾ. ಕಾಗದ ಕಟ್ಟಿ ಅಟ್ಟಕ್ಕೆ. ದೇವರು ನನಗೆ ರೂಪ ಕೊಡಲಿಲ್ಲ, ಎತ್ತರ ಕೊಡಲಿಲ್ಲ, ಗಂಟಲು ಕೊಟ್ಟ. ನಾನು ಕೂಗಿದರೆ ಅಂಗಳದ ಬೇವಿನ ಮರದ ಕಾಗೆಗಳು ಒಮ್ಮೆ ಎದ್ದು ಹಾರಿ ಮತ್ತೆ ಕೂರುತ್ತಿದ್ದವು.

ಆ ಕೆಲಸದಲ್ಲಿ ನನ್ನದೊಂದು ಗುಟ್ಟಿತ್ತು. ಎರಡನೆಯ ಕೂಗಿಗೂ ಮೂರನೆಯದಕ್ಕೂ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ. ಒಮ್ಮೆ ಶಿರೂರಿನ ಒಬ್ಬ ವಿಧವೆ ಹೊಲದ ದಾವೆಗೆ ಬರಬೇಕಿತ್ತು. ಅವಳು ಕೂತ ಮೋಟಾರು ದಾರಿಯಲ್ಲಿ ಕೆಟ್ಟಿತು. ನಾನು ಎರಡು ಸಲ ಕೂಗಿದೆ. ಆಮೇಲೆ ಕೆಮ್ಮಿದೆ, ರುಮಾಲು ಬಿಚ್ಚಿ ಸುತ್ತಿದೆ, ಗಂಟಲು ಕಟ್ಟಿತೆಂದು ನೀರು ಕುಡಿದೆ. ಅವಳು ಗೇಟಿನಲ್ಲಿ ಓಡಿ ಬರುವುದು ಕಂಡ ಮೇಲೆ ಮೂರನೆಯದನ್ನು ಬಿಟ್ಟೆ. ಅವಳ ಹೊಲ ಉಳಿಯಿತು. ಪೀಠದ ಮೇಲಿದ್ದ ರಾವಸಾಹೇಬರು ಎಲ್ಲ ನೋಡಿಯೂ ನೋಡದವರ ಹಾಗೆ ಕಾಗದ ತಿರುವುತ್ತಿದ್ದರು.

ಆ ರಾವಸಾಹೇಬರೇ ನನ್ನನ್ನು ಸಮುದ್ರ ದಾಟಿಸಿದವರು. ಬೆಳಗಾವಿಯ ಕಡೆಯವರು, ಪೆನ್ಶನ್ ಆದ ಮೇಲೂ ಪುಣೆಯಲ್ಲೇ ಉಳಿದರು. ಕಣ್ಣು ಮಂಜಾಗಿ ಅಕ್ಷರ ಕಾಣದಾದರೂ ಪುಸ್ತಕ ಬರೆಯುವ ಹುಚ್ಚು ಬಿಡಲಿಲ್ಲ. ನಾನು ಓದುವುದು, ಅವರು ಕೇಳುವುದು, ಅವರು ಹೇಳುವುದು, ನಾನು ಬರೆಯುವುದು, ಹೀಗೆ ನಡೆದಿತ್ತು. ಒಂದು ದಿನ ಕಟ್ಟೆಯ ಮೇಲೆ ಕೂತು ವಿಷಯ ತೆಗೆದರು.

"ಹಣಮಂತ, ಮಹಾಯುದ್ಧ ಮುಗಿದ ಮ್ಯಾಲೆ ಹೊಸಾ ಹೊಸಾ ದೇಶ ಹುಟ್ಟಿದವು. ಅವುಗಳ ಕಡಿಂದ ಒಂದು ಕರಾರು ಬರಸ್ಕೊಂಡಾರ. ನಿಮ್ಮಲ್ಲಿ ಸಣ್ಣ ಧರ್ಮದವರಿದ್ದರ ಅವರ ಪ್ರಾರ್ಥನಾದ ಮನಿ, ಅವರ ಸಾಲಿ, ಅವರ ಹೆಣಾ ಹುಗಿಯೋ ಜಾಗಾ ಮುಟ್ಟಬಾರದು ಅಂತ. ಮುಟ್ಟಿದರ ಜಿನೀವಾದಾಗ ಎಲ್ಲಾ ದೇಶದವರು ಕೂಡಿ ಮಾಡಿದ ದೊಡ್ಡ ಸಭಾಕ್ಕ ಅರ್ಜಿ ಹಾಕಬಹುದು."

"ತಮ್ಮ ಸರಕಾರದ ಮ್ಯಾಲೆ ಹೊರಗಿನವರ ಹತ್ರ ದೂರು ಒಯ್ಯೋದೇನ್ರಿ? ಭಾಳ ದೊಡ್ಡ ಮಾತಾತಲ್ಲರಿ, ಸಾಹೇಬರ."

"ಭಾಳ ದೊಡ್ಡದು. ಅದಕ್ಕ ಹೋಗಿ ನೋಡಬೇಕು, ಬಾಗಲಾ ಎಷ್ಟ ಸಣ್ಣದ ಅದ ಅಂತ."

ಹೊರಡುವ ದಿನ ನನ್ನ ಹೆಂಡತಿ ಅಂಬಕ್ಕ ಟ್ರಂಕಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಮೆಂತ್ಯಹಿಟ್ಟು ತುಂಬಿ, ಮೇಲೆ ಒಂದು ಎಚ್ಚರಿಕೆಯನ್ನೂ ಕಟ್ಟಿಕೊಟ್ಟಳು. "ಗುರುತಿಲ್ಲದ ಊರಾಗ ಯಾರರೆ ಹೆಸರ ಹಿಡಿದು ಕೂಗಿದರ ಮೊದಲನೇ ಕೂಗಿಗೆ ಓ ಅನಬ್ಯಾಡ್ರಿ, ಎರಡನೇದಕ್ಕೂ ಅನಬ್ಯಾಡ್ರಿ. ದೆವ್ವಗೋಳು ಎರಡ ಸಲನ ಕೂಗತಾವ. ಮೂರನೇದು ಕೇಳಿದರ ಮನಶ್ಯಾರು ಅಂತ ತಿಳೀರಿ." ನಮ್ಮ ಕೋರ್ಟಿನಲ್ಲಿ ಮೂರು ಸಲ ಕೂಗುವುದೂ ಇದಕ್ಕೇ ಎಂದು ಅವಳ ನಂಬಿಕೆ. ನಾನು ನಕ್ಕೆ.

ಮಾರ್ಸೇಲ್ಸ್

ಹಡಗಿನ ಬಗ್ಗೆ ಹೇಳುವುದೇನಿಲ್ಲ. ಏಡನ್ನಿನವರೆಗೆ ನಾನು ಬದುಕಿರಲಿಲ್ಲ. ಆಮೇಲೆ ಬದುಕಿದ್ದೆ, ಆದರೆ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಮಾರ್ಸೇಲ್ಸಿನ ಸುಂಕದ ಕಟ್ಟೆಯಲ್ಲಿ ಮೀಸೆಯ ಅಧಿಕಾರಿಯೊಬ್ಬ ಟ್ರಂಕು ಬಿಚ್ಚಿಸಿ ಚಟ್ನಿಪುಡಿಯ ಡಬ್ಬಿಗೆ ಮೂಗು ಇಟ್ಟ. ಬ್ಯಾಡಗಿ ಮೆಣಸಿನಕಾಯಿಗೆ ಫ್ರಾನ್ಸಿನ ಕಾಯಿದೆ ತಿಳಿಯದು. ಆತ ಒಂಬತ್ತು ಸಲ ಸೀನಿದ. ಪಕ್ಕದವನು ನೋಡಲು ಬಂದು ಅವನೂ ಸೀನಿದ. ಇದು ಮದ್ದೋ ವಿಷವೋ ಎಂದು ಮೂವರು ಸೇರಿ ವಿಚಾರಿಸುವಾಗ ರಾವಸಾಹೇಬರು ತಮ್ಮ ಜಡ್ಜರ ಇಂಗ್ಲಿಷಿನಲ್ಲಿ, "ಇದು ನಮ್ಮ ಧರ್ಮ" ಎಂದುಬಿಟ್ಟರು. ಕೂಡಲೇ ಆ ಮೂವರೂ ಡಬ್ಬಿ ಮುಚ್ಚಿ ಸಲಾಮು ಹಾಕಿದರು. ರೈಲಿನಲ್ಲಿ ಕೂತ ಮೇಲೆ ರಾವಸಾಹೇಬರು, "ನೋಡಿದ್ಯಾ, ಧರ್ಮದ ರಕ್ಷಣಾ ಆಗಲೇ ಸುರು ಆತು," ಎಂದು ಬಹಳ ಹೊತ್ತು ನಕ್ಕರು. ಆ ಪ್ರವಾಸದಲ್ಲಿ ನಾವು ಮನಸಾರೆ ನಕ್ಕದ್ದು ಅದೇ ಕೊನೆ.

ಜಿನೀವಾ, ಮೊದಲ ದಿನ

ಮಂಜು. ಬೆಳಗಿನ ಹನ್ನೊಂದಕ್ಕೂ ಮಂಜು, ಮಧ್ಯಾಹ್ನ ಎರಡಕ್ಕೂ ಮಂಜು. ಸರೋವರ ಎದುರಿಗೇ ಇದೆ ಎಂದರು; ಏಳು ದಿನ ನನಗೆ ಕಾಣಲಿಲ್ಲ. ನೀರಿನ ಸಪ್ಪಳ ಮಾತ್ರ ಕಾಲಬುಡದಲ್ಲೇ ಕೇಳುತ್ತಿತ್ತು. ಮಂಜಿನೊಳಗಿಂದ ಜನ ಬರುತ್ತಿದ್ದರು, ಟೊಪ್ಪಿಗೆ ಎತ್ತುತ್ತಿದ್ದರು, ಮಂಜಿನೊಳಗೆ ಹೋಗುತ್ತಿದ್ದರು. ಮಾತಿಲ್ಲ. ನಾವು ಎಲೆ ಅಡಿಕೆಯನ್ನು ದವಡೆಯಲ್ಲಿ ಒತ್ತಿಕೊಂಡ ಹಾಗೆ ಅವರು ಮೌನವನ್ನು ಒತ್ತಿಕೊಂಡಿರುತ್ತಾರೆ.

ಆ ದೊಡ್ಡ ಸಭೆಗೆ ಗುಡ್ಡದ ಮೇಲೆ ಹೊಸ ಅರಮನೆ ಏಳುತ್ತಿತ್ತು. ನಾವು ಹೋದಾಗ ದಫ್ತರವೆಲ್ಲ ಸರೋವರದ ದಂಡೆಯ ಹಳೆಯ ಕಟ್ಟಡದಲ್ಲಿತ್ತು. ಅದು ಹಿಂದೆ ಹೋಟೆಲಾಗಿತ್ತಂತೆ. ಹೋಟೆಲೆಂದರೆ ನನಗೆ ಗೊತ್ತಿದ್ದದ್ದು ಪುಣೆಯ ನಮ್ಮ ಉಡುಪಿಯವರ ಹೋಟೆಲು: ಒಳಗೆ ಕಾಲಿಟ್ಟರೆ "ಎರಡು ಇಡ್ಲಿ, ಒಂದು ಸಾದಾ" ಎಂದು ಕೂಗು, ತಟ್ಟೆಯ ಸಪ್ಪಳ, ಒಲೆಯ ಬಿಸಿ. ಇಲ್ಲಿ ನೆಲಕ್ಕೆಲ್ಲ ದಪ್ಪ ರತ್ನಗಂಬಳಿ. ನನ್ನ ಹೆಜ್ಜೆಯ ಸಪ್ಪಳವೇ ನನಗೆ ಕೇಳದೆ ನಾನು ಎರಡು ಸಲ ನಿಂತು ಕಾಲು ನೋಡಿಕೊಂಡೆ.

ನಮಗೆ ಕಾಗದ ತೋರಿಸಲು ದಫ್ತರದ ಒಬ್ಬ ಮೇಡಂ ನೇಮಕವಾಗಿದ್ದರು. ನರೆಗೂದಲು, ಕನ್ನಡಕ, ಪಿಸುಮಾತು. ಆಕೆ ಒಂದು ಕೋಣೆಯ ಬಾಗಿಲು ತೆರೆದಾಗ ನಾನು ಹಿಂದೆ ಸರಿದೆ. ಅದು ಸ್ನಾನದ ಕೋಣೆ. ಬಿಳಿಯ ಪಿಂಗಾಣಿ ತೊಟ್ಟಿಯ ತುಂಬ, ನೀರು ತುಂಬಬೇಕಾದ ಮಟ್ಟದವರೆಗೆ, ಕಾಗದದ ಕಟ್ಟುಗಳು.

"ಕಪಾಟುಗಳು ಸಾಲಲಿಲ್ಲ," ಎಂದರು ಮೇಡಂ. "ಇವೆಲ್ಲ ಅರ್ಜಿಗಳು. ತಮ್ಮ ಪ್ರಾರ್ಥನಾಮಂದಿರ ಮುಚ್ಚಿಸಿದರು, ಶಾಲೆ ಮುಚ್ಚಿಸಿದರು, ಸ್ಮಶಾನ ಉತ್ತರು ಎಂದು ಬರೆದವರು."

ತೊಟ್ಟಿಯ ತಲೆಯ ಕಡೆ ನಲ್ಲಿ ಇನ್ನೂ ಇತ್ತು. ಅದನ್ನು ಯಾರೋ ಬಟ್ಟೆಯಿಂದ ಬಿಗಿಯಾಗಿ ಕಟ್ಟಿದ್ದರು.

ಹೊರಗಿನ ಉದ್ದ ಪಡಸಾಲೆಯ ಗೋಡೆಯ ಮೇಲೆ ಹೋಟೆಲಿನ ಕಾಲದ ಗಂಟೆಯ ಹಲಗೆಯೂ ಉಳಿದಿತ್ತು. ಯಾವ ಕೋಣೆಯವರು ಗುಂಡಿ ಒತ್ತಿದರೆ ಆ ಕೋಣೆಯ ನಂಬರಿನ ಬಿಲ್ಲೆ ಕಟ್ ಎಂದು ಕೆಳಗೆ ಬೀಳುವ ಏರ್ಪಾಡು. ನಾವು ನೋಡುತ್ತಿರುವಾಗಲೇ ಹನ್ನೊಂದನೆಯ ಬಿಲ್ಲೆ ಬಿತ್ತು.

"ಹನ್ನೊಂದರಲ್ಲಿ ಯಾರಿದ್ದಾರೆ?" ಎಂದೆ.

"ಅದೇ, ತೊಟ್ಟಿಯ ಕೋಣೆ," ಎಂದರು ಮೇಡಂ. "ತಂತಿ ಹಳೆಯದು. ಮಂಜಿಗೆ ಹೀಗಾಗುತ್ತದೆ." ಬೆರಳಿನಿಂದ ಬಿಲ್ಲೆಯನ್ನು ಎತ್ತಿ ಸ್ವಸ್ಥಾನಕ್ಕೆ ಸೇರಿಸಿದರು. ರೂಢಿಯಾದ ಕೈ ಅದು.

ಮೂರನೆಯ ದಿನ, ಬೆಂಚು

ಪಡಸಾಲೆಯ ಕೊನೆಯಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಪ್ರತಿದಿನ ಒಬ್ಬ ಮುದುಕ ಕೂತಿರುತ್ತಿದ್ದ. ಕಪ್ಪು ಕೋಟು, ಮಣ್ಣು ಕೆಲಸದ ದೊಡ್ಡ ಕೈಗಳು, ತಲೆಯ ಮೇಲೆ ಕುರಿಯ ಉಣ್ಣೆಯ ಟೊಪ್ಪಿಗೆ. ಊರವರೆಲ್ಲ ಕಟ್ಟಡದೊಳಗೆ ಬಂದರೆ ಟೊಪ್ಪಿಗೆ ತೆಗೆಯುತ್ತಾರೆ, ಅವನು ತೆಗೆಯುತ್ತಿರಲಿಲ್ಲ. ಅವನ ಮುಂದೆ ಹಾಯುವವರು ಬೆಂಚು ಖಾಲಿಯಿದ್ದ ಹಾಗೆ ಹಾಯುತ್ತಿದ್ದರು. ಎರಡು ದಿನ ಅವನು ನನಗೊಬ್ಬನಿಗೇ ಕಾಣುತ್ತಾನೇನೋ ಎಂದು ಸಂಶಯ ಬಂತು. ಮೂರನೆಯ ದಿನ ಹೋಗಿ ಪಕ್ಕಕ್ಕೆ ಕೂತೆ. ಬೆಂಚು ಅವನ ಭಾರಕ್ಕೆ ಕಿರ್ರೆಂದಿತು. ನನಗೆ ಸಮಾಧಾನವಾಯಿತು.

ಆತ ಹರೆಯದಲ್ಲಿ ಇಂಗ್ಲಿಷರ ಹಡಗಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದನಂತೆ. ಹರಕು ಮುರುಕು ಇಂಗ್ಲಿಷು ಬರುತ್ತಿತ್ತು. ಪೂರ್ವದ ಒಂದು ಹೊಸ ದೇಶದವನು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಅವನದು ಸಣ್ಣ ಪಂಥ. ಊರಲ್ಲಿ ಇದ್ದದ್ದೇ ಹನ್ನೆರಡು ಮನೆ. ಬರಿಯ ಗೋಡೆಗೆ ಮುಖಮಾಡಿ ನಿಂತು ಪ್ರಾರ್ಥನೆ ಮಾಡುವವರು, ತಲೆ ಮುಚ್ಚದೆ ಹೊಸ್ತಿಲು ದಾಟದವರು. ಅವರ ಪ್ರಾರ್ಥನೆಯ ಮನೆಗೆ ಸರಕಾರದವರು ಅರಗಿನ ಮುದ್ರೆ ಹಾಕಿದರು. ಸ್ಮಶಾನ ಅಗೆದು ಅಲ್ಲಿಯ ಗೋರಿಕಲ್ಲುಗಳನ್ನು ರಸ್ತೆಗೆ ಹಾಸಿದರು.

"ನನ್ನ ಹೆಂಡತಿಯ ಕಲ್ಲು," ಎಂದ ಮುದುಕ. "ಸೇತುವೆಯ ಹತ್ತಿರ. ಅದರ ಮೇಲೆ ದನ ನಡೆಯುತ್ತವೆ. ನಾನು ನೋಡಿದೆ. ಯಾರು ಮಾಡಿಸಿದರು, ಅದನ್ನೂ ನೋಡಿದೆ. ಬರೆದೆ. ಇಲ್ಲಿ ಕರೆಯುತ್ತಾರೆ, ಹೇಳುತ್ತೇನೆ."

ಬರುವ ವಾರ ಮೂರು ದೇಶದ ಮೂವರು ಸದಸ್ಯರು ಕೂತು ಅವನ ಊರಿನ ಅರ್ಜಿ ನೋಡುವವರಿದ್ದರು. ಅದಕ್ಕಾಗಿ ಅವನು, ಗಡಿಯಾಚೆಯ ತಂಗಿಗೆ ಕಾಯಿಲೆ, ನೋಡಿಬರುತ್ತೇನೆ ಎಂದು ಊರಲ್ಲಿ ಹೇಳಿ ಬಂದಿದ್ದ. ಊರಲ್ಲಿ ಮಗಳು, ಮೊಮ್ಮಕ್ಕಳು ಇದ್ದರು.

ನಾನು ಮೇಡಮ್ಮರನ್ನು ಕೇಳಿದೆ, ಇವನ ಪಾಳಿ ಯಾವಾಗ ಎಂದು. ಆಕೆ ಕನ್ನಡಕ ತೆಗೆದು ಒರೆಸಿದರು. "ಪಾಳಿ ಇಲ್ಲ. ಇದು ದಾವೆಯಲ್ಲ, ಅರ್ಜಿದಾರ ಪಕ್ಷಗಾರನಲ್ಲ. ಅವನು ಸುದ್ದಿ ಕೊಟ್ಟವನು, ಅಷ್ಟೆ. ಸದಸ್ಯರು ಬಾಗಿಲು ಹಾಕಿಕೊಂಡು ನೋಡುತ್ತಾರೆ. ಅರ್ಜಿ ಪರಿಶೀಲನೆಗೆ ತಕ್ಕದ್ದೆಂದಾದರೆ ಒಂದು ಕಾರ್ಡು ಹೋಗುತ್ತದೆ. ಮುಂದೇನಾಯಿತೆಂದು ತಿಳಿಸುವ ಪದ್ಧತಿ ಇಲ್ಲ."

"ಕರೆಯುವುದೇ ಇಲ್ಲವೇ?"

"ಎಂದೂ ಕರೆದಿಲ್ಲ. ಅವನಿಗೆ ಹೇಳಿದ್ದೇನೆ. ಆದರೂ ಬಂದು ಕೂರುತ್ತಾನೆ." ಆಕೆ ಒಂದು ಕಾಗದ ತೋರಿಸಿದರು. "ಅರ್ಜಿಯ ನಕಲು ಅವನ ಸರಕಾರಕ್ಕೂ ಹೋಗುತ್ತದೆ, ಉತ್ತರ ಬರೆಯಲು. ಅವನೇ ಕೇಳಿಕೊಂಡದ್ದರಿಂದ ಹೆಸರನ್ನು ಮುಚ್ಚಿದ್ದೇವೆ." ಕೆಳಗೆ ಸಹಿಯಿರಬೇಕಾದ ಕಡೆ ಬಿಳಿಯ ಚೀಟಿ ಅಂಟಿಸಿದ್ದರು.

ನನಗೆ ಮೈ ಉರಿಯಿತು. ನಮ್ಮ ಪುಣೆಯ ಕೋರ್ಟಿನಲ್ಲಿ ಕೋಳಿ ಕದ್ದವನನ್ನೂ ಮೂರು ಸಲ ಹೆಸರು ಹಿಡಿದು, ತಂದೆಯ ಹೆಸರು ಸೇರಿಸಿ, ಮರ್ಯಾದೆಯಿಂದ ಕರೆಯುತ್ತೇವೆ. ಇವರು ಹೆಣದ ಮುಖ ಮುಚ್ಚಿದ ಹಾಗೆ ಬದುಕಿದ್ದವನ ಹೆಸರು ಮುಚ್ಚಿಟ್ಟಿದ್ದಾರೆ. ತಂಗಿಯ ಕಾಯಿಲೆಯ ನೆಪವನ್ನೂ ಈ ಬಿಳಿಯ ಚೀಟಿಯನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಗಂಟಲು ದೊಡ್ಡದಿದ್ದವನಿಗೆ ಕಿವಿ ಸಣ್ಣದು.

ಪಡಸಾಲೆಯ ಇನ್ನೊಂದು ಕೊನೆಯಲ್ಲಿ, ಕಿಟಕಿಯ ಹತ್ತಿರ, ಇನ್ನೊಬ್ಬರು ದಿನವೂ ನಿಂತಿರುತ್ತಿದ್ದರು. ಬೂದಿ ಬಣ್ಣದ ಕೈಗವಸು, ನಯವಾದ ನಗೆ. ನಾನು ಹಾದಾಗಲೆಲ್ಲ ತಲೆಬಾಗುತ್ತಿದ್ದರು. ಪಾಪ, ಇವರೂ ಯಾವುದೋ ಊರಿನ ಅರ್ಜಿದಾರರು ಎಂದುಕೊಂಡೆ.

ಐದನೆಯ ದಿನ

ಮುದುಕನಿಗೆ ಅವಲಕ್ಕಿ ಕೊಟ್ಟೆ. ಮೊದಲು ಗೋಡೆಯ ಕಡೆ ತಿರುಗಿ ಏನೋ ಅಂದುಕೊಂಡು ತಿಂದ. ಚಟ್ನಿಪುಡಿ ನಾಲಿಗೆಗೆ ಇಟ್ಟು ಕಣ್ಣೀರು ಸುರಿಸಿ, "ನಿಮ್ಮ ದೇಶದಲ್ಲಿ ಅಡುಗೆಯೂ ಜಗಳಾಡುತ್ತದೆ," ಎಂದು ಮೊದಲ ಸಲ ನಕ್ಕ.

ಆಮೇಲೆ ತನ್ನ ಕಷ್ಟ ಹೇಳಿದ. ಮೇಡಂ ಹೇಳಿದ ಆ ಕಾರ್ಡು ಅವನ ಊರಿಗೆ ಹೋಗುವಂತಿಲ್ಲ. ಅಲ್ಲಿಯ ಅಂಚೆಯಲ್ಲಿ ಎಲ್ಲ ಒಡೆದು ಓದುತ್ತಾರೆ. ನಾನು ಎದೆ ಬಡಿದುಕೊಂಡು, "ದಫ್ತರದವರಿಗೆ ನನ್ನ ಪುಣೆಯ ವಿಳಾಸ ಕೊಡು. ನಾನು ಇಟ್ಟುಕೊಂಡಿರುತ್ತೇನೆ. ಕಾಲ ಸುಧಾರಿಸಿದ ಮೇಲೆ ಬರೆ, ಕಳಿಸುತ್ತೇನೆ," ಎಂದೆ. ಅವನು ನನ್ನ ಪಾಕೀಟು ಪುಸ್ತಕದಲ್ಲಿ ತನ್ನ ಹೆಸರನ್ನೂ ಊರಿನ ಹೆಸರನ್ನೂ ಬರೆದು, ಹೇಗೆ ಉಚ್ಚರಿಸಬೇಕೆಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಉದ್ದನೆಯ ಹೆಸರು, ಮಧ್ಯದಲ್ಲಿ ಬಿಕ್ಕಿದಂಥ ಒಂದು ಸ್ವರ. ನಾನು ನಾಲ್ಕಾರು ಸಲ ಬಾಯೊಳಗೇ ಅಂದು ಕೂಡಿಸಿಕೊಂಡೆ. ಹೆಸರನ್ನು ಸರಿಯಾಗಿ ಕೂಗುವುದು ನನ್ನ ವೃತ್ತಿಯ ಮಾನ.

ನಾವು ತಲೆ ಎತ್ತಿದಾಗ ಕೈಗವಸಿನವರು ಕಿಟಕಿಯಿಂದ ಸ್ವಲ್ಪ ಹತ್ತಿರದಲ್ಲಿದ್ದರು. ರತ್ನಗಂಬಳಿಯ ಮೇಲೆ ಯಾವಾಗ ನಡೆದರೋ ಕೇಳಿರಲಿಲ್ಲ. ಅವರು ತಲೆಬಾಗಿದರು, ನಾನೂ ಬಾಗಿದೆ. ಮುದುಕ ಮಾತ್ರ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡು ನೆಲ ನೋಡುತ್ತಿದ್ದ.

ಏಳನೆಯ ದಿನ

ರಾವಸಾಹೇಬರನ್ನು ಓದುವ ಕೋಣೆಯಲ್ಲಿ ಕೂರಿಸಿ ನಾನು ಪಡಸಾಲೆಗೆ ಬಂದೆ. ಮೂವರು ಸದಸ್ಯರು ಒಬ್ಬರ ಹಿಂದೊಬ್ಬರು ಬಂದು ದೊಡ್ಡ ಬಾಗಿಲಿನೊಳಗೆ ಹೋದರು. ಬಾಗಿಲಿಗೆ ಒಳಹೊರಗೆ ತೊಗಲಿನ ಮೆತ್ತೆ ಹೊಲಿದಿದ್ದರು. ಅದು ಮುಚ್ಚಿದಾಗ ಸಪ್ಪಳವೇ ಆಗಲಿಲ್ಲ.

ಮುದುಕ ಎದ್ದು ನಿಂತಿದ್ದ. ಕೋಟಿನ ಗುಂಡಿ ಎಲ್ಲ ಹಾಕಿಕೊಂಡಿದ್ದ. ಕಾಲು ಗಂಟೆ ನಿಂತ. ಅರ್ಧ ಗಂಟೆ ನಿಂತ. ಅವನ ತುಟಿ ಅಲುಗುತ್ತಿದ್ದವು. ಒಳಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಯಾರೂ ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಕರೆಯುತ್ತಾರಲ್ಲವೇ?" ಎಂದ.

ಕರೆಯುವುದಿಲ್ಲ ಎನ್ನಲು ನನ್ನಿಂದಾಗಲಿಲ್ಲ. ಇಪ್ಪತ್ತಾರು ವರ್ಷದ ಚಾಕರಿ ಮೈಯೊಳಗೆ ಎದ್ದು ನಿಂತಿತು. ನಾನು ಆ ತೊಗಲು ಬಾಗಿಲಿನ ಮುಂದೆ ಹೋಗಿ, ರುಮಾಲು ಸರಿಮಾಡಿಕೊಂಡು, ಎಡಗೈಯನ್ನು ಕಿವಿಗೆ ಹಚ್ಚಿ, ಅವನ ಹೆಸರನ್ನೂ ಊರನ್ನೂ ಪುಣೆಯ ಗಂಟಲಿನಿಂದ ಕೂಗಿದೆ.

ಆ ಕಟ್ಟಡದಲ್ಲಿ ಅಂಥ ಸಪ್ಪಳ ಹಿಂದೆ ಎಂದೂ ಆಗಿರಲಾರದು. ಕೂಗು ಪಡಸಾಲೆಯ ಆ ತುದಿಗೆ ಹೋಗಿ ಮರಳಿ ಬಂತು. ಆದರೆ ಒಂದು ಬಾಗಿಲೂ ತೆರೆಯಲಿಲ್ಲ, ಒಬ್ಬರೂ ಇಣುಕಲಿಲ್ಲ. ನಮ್ಮಲ್ಲಾಗಿದ್ದರೆ ಕಾಗೆಗಳಾದರೂ ಏಳುತ್ತಿದ್ದವು.

ಎರಡನೆಯ ಸಲ ಕೂಗಿದೆ. ಗೋಡೆಯ ಮೇಲೆ ಕಟ್ ಎಂದು ಹನ್ನೊಂದನೆಯ ಬಿಲ್ಲೆ ಬಿತ್ತು.

ನಾನು ಮುದುಕನ ಕಡೆ ನೋಡಿದೆ. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ತಲೆಯನ್ನು ಸ್ವಲ್ಪವೇ, ಬೇಡ ಬೇಡ ಎಂದು ಆಡಿಸುತ್ತಿದ್ದ. ಹಳ್ಳಿಯ ಪಕ್ಷಗಾರರು ಪುಕಾರ ಕೇಳಿ ಹೆದರುವುದನ್ನು ನಾನು ಎಷ್ಟು ಕಂಡಿಲ್ಲ? ಧೈರ್ಯ ತಂದುಕೊಳ್ಳಲಿ ಎಂದು ಮೂರನೆಯದನ್ನು ತಡೆದೆ. ಕೆಮ್ಮಿದೆ. ರುಮಾಲಿನ ಸೆರಗು ತೆಗೆದು ಮತ್ತೆ ಸಿಕ್ಕಿಸಿದೆ. ಶಿರೂರಿನ ಹೆಣ್ಣುಮಗಳಿಗೆ ಕೊಟ್ಟಷ್ಟೇ ಹೊತ್ತು ಕೊಟ್ಟೆ. ಆ ಹೊತ್ತಿನಲ್ಲಿ ಕೈಗವಸಿನವರು ಕಿಟಕಿ ಬಿಟ್ಟು ರತ್ನಗಂಬಳಿಯ ಮೇಲೆ ನಡೆದು ಬಂದು ನನ್ನ ಹೆಗಲ ಹಿಂದೆ ನಿಂತರು. ಮೂರನೆಯ ಕೂಗನ್ನು ಅವರು ನಿಂತೇ ಕೇಳಿದರು.

ಮುದುಕ ಹಾಜರ್ ಎನ್ನಲಿಲ್ಲ. ಗುರುತಿಲ್ಲದವನನ್ನು ನೋಡುವ ಹಾಗೆ ನನ್ನನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದ.

"ಬಹಳ ಸ್ಪಷ್ಟವಾದ ಧ್ವನಿ," ಎಂದರು ಕೈಗವಸಿನವರು, ಚೊಕ್ಕ ಇಂಗ್ಲಿಷಿನಲ್ಲಿ. ಕೈಯಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್ಲು. "ಊರಿನ ಹೆಸರು ಇನ್ನೊಮ್ಮೆ ಹೇಳುವಿರಾ?"

ಕೋಟು ಹಾಕಿದವರು ಮತ್ತೊಮ್ಮೆ ಹೇಳು ಎಂದರೆ ಹೇಳುವುದು ನನ್ನ ಎಲುಬಿನಲ್ಲಿ ಕೂತ ಚಾಳಿ. ಹೇಳಿದೆ. ಅವರು ಬರೆದುಕೊಂಡು ತಲೆಬಾಗಿ ಹೋದರು.

ರಾವಸಾಹೇಬರು ಗೋಡೆ ತಡಕುತ್ತ ಓದುವ ಕೋಣೆಯಿಂದ ಹೊರಗೆ ಬಂದಿದ್ದರು. "ಹಣಮಂತ. ಯಾರ ಹೆಸರ ಕೂಗಿದಿ?"

ಹೇಳಿದೆ. ನಿಂತವರು ಹಾಗೇ ಬೆಂಚಿನ ಮೇಲೆ ಕುಸಿದರು.

"ಯಾವ ಹೆಸರು ಮುಚ್ಚಿಟ್ಟಿದ್ದರೋ ಅದನ್ನ? ಯಾರ ಮುಂದ ಕೂಗಿದಿ?"

"ಒಬ್ಬರು ಅರ್ಜಿದಾರರು ಇದ್ದರ್ರಿ. ಬೂದಿ ಕೈಗವಸಿನವರು."

"ಅವರು ಅರ್ಜಿದಾರರಲ್ಲೋ. ನಿನ್ನೆ ಮೇಡಂ ನನಗ ಹೇಳಿದರು. ಆ ಮುದುಕನ ಸರಕಾರದ ರಾಯಭಾರಿ ಕಚೇರಿಯವರು. ಯಾರು ಬರದಾನ ಅಂತ ವಾರದಿಂದ ವಾಸನಿ ಹಿಡೀತಾ ನಿಂತಾರ." ಆಮೇಲೆ, "ನಿನ್ನೆನ ನಿನಗ ಹೇಳಬೇಕಾಗಿತ್ತು ನಾ," ಎಂದರು.

ಎಂಟನೆಯ ದಿನ

ಮುದುಕ ಇಳಿದುಕೊಂಡ ಮನೆ ಹಿಂದಿನ ಓಣಿಯಲ್ಲಿತ್ತು. ಬೆಳಿಗ್ಗೆ ಎದ್ದವನೇ ಹೋದೆ. ಕಾಲು ಹಿಡಿದಾದರೂ ಕ್ಷಮೆ ಕೇಳಬೇಕು, ಊರಿಗೆ ಹೋಗಬೇಡ ಎನ್ನಬೇಕು, ಪುಣೆಗೇ ಕರೆದುಕೊಂಡು ಹೋಗುತ್ತೇನೆ ಎನ್ನಬೇಕು ಎಂದೆಲ್ಲ ಇತ್ತು.

ಮನೆಯೊಡತಿ ಮೆಟ್ಟಿಲು ಒರೆಸುತ್ತಿದ್ದಳು. "ನಿನ್ನೆ ಸಂಜೆಯೇ ಹೋದರು," ಎಂದಳು. "ಅವರ ನೆಂಟರು ಬಂದಿದ್ದರು. ಬಹಳ ಸಭ್ಯರು. ಗಂಟನ್ನು ತಾವೇ ಹೊತ್ತುಕೊಂಡರು, ಕೈಗವಸು ಕೂಡ ತೆಗೆಯದೆ."

ಕೋಣೆ ತೋರಿಸಿದಳು. ಹಾಸಿಗೆಗೆ ಮಡಿಕೆ ಬಿದ್ದಿರಲಿಲ್ಲ. ಕಿಟಕಿ ತೆರೆದಿತ್ತು, ಒಳಗೆಲ್ಲ ಮಂಜು. ಮೇಜಿನ ಮೇಲೆ ಉಣ್ಣೆಯ ಟೊಪ್ಪಿಗೆ ಇತ್ತು.

ತಲೆ ಮುಚ್ಚದೆ ಹೊಸ್ತಿಲು ದಾಟದ ಪಂಥ. ಟೊಪ್ಪಿಗೆಯನ್ನು ಎತ್ತಿಕೊಂಡೆ, ಒಳಗಿನ ಪಟ್ಟಿ ಇನ್ನೂ ಬೆವರಿನಿಂದ ಹಸಿಯಾಗಿತ್ತು.

ಟೊಪ್ಪಿಗೆ ಹಿಡಿದುಕೊಂಡೇ ದಫ್ತರಕ್ಕೆ ಓಡಿದೆ. ಮೇಡಂ ಎಲ್ಲ ಕೇಳಿದರು. ಪೊಲೀಸರಿಗೆ ತಿಳಿಸಿದರು; ಅವರು ಬಂದು, ತನ್ನ ದೇಶದವರ ಜೊತೆ ತನ್ನ ದೇಶಕ್ಕೆ ಹೋದವನ ಮೇಲೆ ಏನು ದೂರು ಎಂದರು. ಮೇಡಂ ಆ ನಕಲನ್ನು ತೆಗೆದು, ಬಿಳಿಯ ಚೀಟಿಯನ್ನು ಉಗುರಿನಿಂದ ಮೀಟಿ ನೋಡಿ, ಮತ್ತೆ ಒತ್ತಿದರು. "ಇನ್ನು ಇದರಿಂದ ಉಪಯೋಗವಿಲ್ಲ," ಎಂದರು. ಅವರ ಧ್ವನಿ ಅಂದು ಪಿಸುಮಾತಾಗಿರಲಿಲ್ಲ. ಹೊರಗೆ ಬಿಲ್ಲೆ ಬಿತ್ತು. ಆಕೆ ಎತ್ತಲು ಹೋಗಲಿಲ್ಲ.

ಅಂದೇ ಮಂಜು ತೆರೆಯಿತು. ಸರೋವರ ಕಂಡಿತು, ಹಿಮದ ಗುಡ್ಡಗಳೂ ಕಂಡವು. ಬಹಳ ಚೆಲುವಾಗಿವೆ ಎಂದು ರಾವಸಾಹೇಬರಿಗೆ ವರ್ಣಿಸಿ ಹೇಳಬೇಕಾಗಿತ್ತು. ನಾನು ಟ್ರಂಕು ಕಟ್ಟತೊಡಗಿದೆ.

ಪುಣೆ, ಮರಳಿ

ಮೂರು ತಿಂಗಳ ಮೇಲೆ ಕಾರ್ಡು ಬಂತು. ಮುದುಕನ ಹೆಸರು, ಕೆಳಗೆ ನನ್ನ ವಿಳಾಸ. ಅಂಚೆಯವನು ಬಾಗಿಲಲ್ಲಿ ನಿಂತು, "ಹಣಮಂತರಾವ್, ಹೇ ಕೋಣ?" ಎಂದು ಮರಾಠಿಯಲ್ಲಿ, ಇದು ಯಾರೆಂದು ಕೇಳಿ, ಆ ಹೆಸರನ್ನು ಗಟ್ಟಿಯಾಗಿ ಓದಲು ಹೊರಟ. ನಾನು ಓಡಿಹೋಗಿ ಅವನ ಬಾಯಿ ಮುಚ್ಚುವುದೊಂದು ಬಾಕಿ. ಅರ್ಜಿ ಪರಿಶೀಲನೆಗೆ ತಕ್ಕದ್ದೆಂದು ಕಂಡುಬಂದಿದೆ, ಈ ಬಗ್ಗೆ ಮುಂದೆ ಏನನ್ನೂ ತಿಳಿಸಲಾಗುವುದಿಲ್ಲ ಎಂದಿತ್ತು. ಕಾರ್ಡನ್ನು ಟೊಪ್ಪಿಗೆಯೊಳಗೆ ಇಟ್ಟೆ. ಟೊಪ್ಪಿಗೆಯನ್ನು ಅಂಬಕ್ಕ ದೇವರ ಮನೆಯ ಹೊರಗಿನ ಗೂಟಕ್ಕೆ ಹಾಕಿದಳು. ಬೇಸಿಗೆಯಲ್ಲೂ ಅದು ತಣ್ಣಗಿರುತ್ತದೆ. ಒಳಗಿನ ಪಟ್ಟಿ ಮುಟ್ಟಲು ಇಬ್ಬರಿಗೂ ಧೈರ್ಯವಿಲ್ಲ.

ಮೇಡಮ್ಮರಿಗೆ ಎರಡು ಪತ್ರ ಬರೆದೆ. ಒಂದಕ್ಕೆ, ಗೊತ್ತಿಲ್ಲ ಎಂದು ಉತ್ತರ ಬಂತು. ಇನ್ನೊಂದರ ಹೊತ್ತಿಗೆ ಮತ್ತೆ ಯುದ್ಧ. ರಾವಸಾಹೇಬರು ಪುಸ್ತಕ ಮುಗಿಸದೆ ತೀರಿಕೊಂಡರು. ಆ ದೊಡ್ಡ ಸಭೆಯೂ ಬಾಗಿಲು ಹಾಕಿತು. ಆ ತೊಟ್ಟಿಯ ಕಾಗದಗಳನ್ನು ಏನು ಮಾಡಿದರೋ.

ಕಾಣೆಯಾದವನಿಗೆ ನಮ್ಮಲ್ಲಿ ಹನ್ನೆರಡು ವರ್ಷ ಕಾಯುತ್ತಾರೆ. ಅಲ್ಲಿಯವರೆಗೆ ಅವನು ಇದ್ದಾನೆ. ತುಂಬಿದ ಮೇಲೆ ನೀರು ಬಿಡಬೇಕು. ಈ ವರ್ಷ ದೇಶ ಎರಡಾಯಿತು. ಆಚೆ ಸಣ್ಣವರಾದವರು ಈಚೆಗೆ, ಈಚೆ ಸಣ್ಣವರಾದವರು ಆಚೆಗೆ. ಪುಣೆಯ ಸ್ಟೇಷನ್ನಿಗೂ ರೈಲು ಬಂದವು. ನಿರಾಶ್ರಿತರ ಹೆಸರು ಕೂಗಲು ಗಂಟಲಿದ್ದವರು ಬೇಕೆಂದು ನನ್ನನ್ನು ಕರೆದರು. ಹೋದೆ. ಪಟ್ಟಿ ಹಿಡಿದು ಒಬ್ಬೊಬ್ಬರ ಹತ್ತಿರ ಕೂತು, ಕಿವಿಯಲ್ಲಿ ಹೆಸರು ಕೇಳಿ ಗುರುತು ಹಾಕಿದೆ. ಸ್ವಯಂಸೇವಕರು, ಇಷ್ಟು ನಿಧಾನವಾದರೆ ಹೇಗೆ ಅಜ್ಜಾ ಎಂದು ಸಿಟ್ಟಾದರು. ಸಿಟ್ಟಾಗಲಿ.

ಪಿತೃಪಕ್ಷದಲ್ಲಿ ಅಂಬಕ್ಕ ತಾನೇ ಮಾತು ತೆಗೆದಳು. "ಹನ್ನೆರಡು ತುಂಬಿದವಲ್ರಿ. ಆ ಜೀವಕ್ಕ ಒಂದಿಷ್ಟು ಎಳ್ಳು ನೀರು ಬಿಡ್ರಿ. ಗೆಳೆಯಾ ಅಂತ ಬಿಡಬಹುದಂತ, ಆಚಾರ್ಯರನ್ನ ಕೇಳೇನಿ."

ಮುಠಾ ನದಿಯ ಘಾಟಿನಲ್ಲಿ ಕೂತೆ. ಹಗಲು ಹತ್ತು ಗಂಟೆ, ಬಿಸಿಲು ಚೆನ್ನಾಗಿತ್ತು. ಆಚಾರ್ಯರು ನಮ್ಮ ವಿಜಾಪುರದ ಕಡೆಯವರು. ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ ಎನ್ನಬಹುದು, ಆದರೆ ಹೆಸರು ಬಾಯಿಬಿಟ್ಟು ಹೇಳಬೇಕು, ಮೂರು ಸಲ ಹೇಳಿ ಮೂರು ಸಲ ನೀರು ಬಿಡಬೇಕು ಎಂದರು.

ನಾನು ಹಿಂದೆ ಮುಂದೆ ನೋಡಿದೆ. ಬಟ್ಟೆ ಒಗೆಯುವವರು, ಒಂದು ಎಮ್ಮೆ. ಕೈಗವಸು ಹಾಕಿದವರು ಯಾರೂ ಇರಲಿಲ್ಲ. ಹನ್ನೆರಡು ವರ್ಷ ಬಾಯಿಗೆ ತಾರದ ಆ ಹೆಸರನ್ನು, ಮಧ್ಯದ ಬಿಕ್ಕು ತಪ್ಪದಂತೆ, ಮೆಲ್ಲಗೆ ಹೇಳಿ ನೀರು ಬಿಟ್ಟೆ. ಎರಡನೆಯ ಸಲ ಹೇಳಿ ಬಿಟ್ಟೆ. ಎಳ್ಳು ತಿರುಗುತ್ತ ಹರಿದು ಹೋಯಿತು.

"ಇನ್ನೊಂದ್ರಿ, ಹಣಮಂತರಾಯರ," ಎಂದರು ಆಚಾರ್ಯರು.

ಮೂರನೆಯದೂ ಆದರೆ ಖಾರೀಜು. ಕಾಗದ ಕಟ್ಟಿ ಅಟ್ಟಕ್ಕೆ.

"ಎರಡಕ್ಕ ನಿಲ್ಲಸಬಾರದ್ರಿ," ಎಂದಳು ಹಿಂದೆ ಕೂತಿದ್ದ ಅಂಬಕ್ಕ, ಹೆದರಿದ ಧ್ವನಿಯಲ್ಲಿ. ಎರಡು ಸಲ ಮಾತ್ರ ಕೂಗುವವರು ಯಾರೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆಗಲಿ, ನಾನೇ ಆ ದೆವ್ವವಾದರೂ ಚಿಂತೆಯಿಲ್ಲ.

ನಾನು ಕೆಮ್ಮಿದೆ. ಹೆಗಲ ಮೇಲಿನ ಶಲ್ಯ ತೆಗೆದು ಮತ್ತೆ ಹೊದ್ದೆ. ಗಂಟಲು ಕಟ್ಟಿತೆಂದು ಒಂದು ಗುಟುಕು ನೀರು ಕುಡಿದೆ. ಆಮೇಲೆ ಘಾಟಿನ ಮೆಟ್ಟಿಲುಗಳ ಕಡೆ ತಿರುಗಿ, ರಸ್ತೆಯಿಂದ ಬರಿದಲೆಯ ಮುದುಕನೊಬ್ಬ ಓಡಿ ಬರುತ್ತಿದ್ದಾನೆಯೇ ಎಂದು ನೋಡುತ್ತ ಕೂತೆ.